ಕೋಸಿನ ಹುಳುವಿಗೆ ಸಾಸಿವೆಯ ಬಲೆ

ಮೈಸೂರಿನ ಸುತ್ತಮುತ್ತ ಎಲೆಕೋಸು ಬೆಳೆದು ಬಂಡಿಪಾಳ್ಯದ ಮಾರುಕಟ್ಟೆಗೆ ಸಾಗಿಸುವ ರೈತ ಬಾಂಧವರೇ, ಕೋಸಿನ ಎಲೆಯಲ್ಲಿ ಅಲ್ಲಲ್ಲಿ ತೆಳು ಪೊರೆಯಷ್ಟೇ ಉಳಿದಿದ್ದರೆ ಎಲೆಯನ್ನು ಮಗುಚಿ ನೋಡಿರಿ. ಮುಟ್ಟಿದೊಡನೆ ಹೊರಳಾಡಿ ನೂಲಿನಲ್ಲಿ ಜೋತು ಬೀಳುವ ಸಣ್ಣ ಹಸಿರು ಹುಳು ಕಂಡರೆ, ಅದು ವಜ್ರಬೆನ್ನಿನ ಪತಂಗದ ಮರಿಹುಳು.

ಈ ಕೀಟ ಔಷಧಿಗೆ ಬೇಗ ಒಗ್ಗಿಕೊಳ್ಳುತ್ತದೆ. ಜಾವಾ ದ್ವೀಪದಲ್ಲಿ ಡಿ.ಡಿ.ಟಿ.ಗೂ ಅದು ಜಗ್ಗದಿದ್ದುದು 1953ರಲ್ಲೇ ವರದಿಯಾಗಿತ್ತು. ಒಂದೇ ಔಷಧಿಯನ್ನು ಪ್ರಮಾಣ ಹೆಚ್ಚಿಸಿ ಪದೇ ಪದೇ ಹೊಡೆದರೆ ಖರ್ಚು ಏರುವುದೇ ಹೊರತು ಹುಳು ಇಳಿಯದು; ಮಿತ್ರ ಕೀಟಗಳೂ ಸಾಯುತ್ತವೆ.

ಇದಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಸುಲಭ ಉಪಾಯವಿದೆ. ಪ್ರತಿ 25 ಸಾಲು ಕೋಸಿಗೆ 2 ಸಾಲು ಸಾಸಿವೆ ಬಿತ್ತಿರಿ. ಒಂದು ಸಾಲನ್ನು ಕೋಸಿನ ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಹಾಕಬೇಕು. ಪತಂಗ ಸಾಸಿವೆಯನ್ನೇ ಮೆಚ್ಚಿ ಮೊಟ್ಟೆಯಿಡುತ್ತದೆ. ಹುಳು ತುಂಬಿದ ಸಾಸಿವೆ ಎಲೆಗಳನ್ನು ಆಗಾಗ ಕಿತ್ತು ನಾಶಪಡಿಸಿರಿ. ಮರೆತರೆ ಬಲೆಯೇ ಹುಳುವಿನ ತವರಾದೀತು.

ಕೋಸು ಗಡ್ಡೆ ಕಟ್ಟತೊಡಗಿದಾಗ ಶೇ. 4ರ ಬೇವಿನ ಕಷಾಯ ಸಿಂಪಡಿಸಿರಿ. 400 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, 10 ಲೀಟರ್ ಮಾಡಿಕೊಳ್ಳಿರಿ. ಸ್ವಲ್ಪ ಸೋಪು ಬೆರೆಸಿ, ಸಂಜೆಯ ಹೊತ್ತು ಎಲೆಯ ಅಡಿಭಾಗವೂ ನೆನೆಯುವಂತೆ ಹೊಡೆಯಿರಿ.

ಮುಂದಿನ ಬೆಳೆಗೆ ಕೋಸಿನ ಸಸಿಗಿಂತ ಮೊದಲು ಸಾಸಿವೆ ಹೊಲಕ್ಕೆ ಬೀಳಲಿ.