ಬಿಡಲಾಗದ್ದು, ಬಿಡಬಾರದ್ದು

ಒಂದು ಕಾಲಕ್ಕೆ ಊರಾಚೆಯ ಹಳ್ಳಿಯಾಗಿದ್ದ ಅರೆಕೆರೆ ಇಂದು ಬನ್ನೇರುಘಟ್ಟ ರಸ್ತೆಯ ಬದಿಗೆ ಮನೆಗಳು ಕಿಕ್ಕಿರಿದ ಬಡಾವಣೆ. ಶಾಲೆ, ಕಾಲೇಜು ತೆರೆಯುವ ದಿನಗಳಲ್ಲಿ ಬಾಡಿಗೆ ಮನೆ ಬದಲಾಯಿಸುವವರು ಇಂಥ ಬಡಾವಣೆಗಳಲ್ಲಿ ಬಹಳ. ಬಾಗಿಲಿಗೆ ಟೆಂಪೊ ಬಂದು ನಿಂತಾಗ ಎಲ್ಲ ಮನೆಗಳಲ್ಲೂ ಒಂದೇ ವಾದ. ಗ್ರೈಂಡರ್ ಬಂದು ಎಷ್ಟೋ ವರ್ಷವಾದರೂ ಒರಳುಕಲ್ಲನ್ನು ಬಿಟ್ಟುಹೋಗಲು ತಾಯಿ ಒಪ್ಪುವುದಿಲ್ಲ. ಕೆಟ್ಟು ಕೂತ ರೇಡಿಯೊ ತಂದೆಗೆ ಬೇಕು. ಹತ್ತನೆಯ ತರಗತಿಯ ನೋಟ್ಸ್ ಮಗಳಿಗೆ ಬೇಕು. ಉಪಯೋಗವಿಲ್ಲದ್ದರ ಮೇಲೆ ಇಷ್ಟೇಕೆ ಮೋಹ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಡೇನಿಯಲ್ ಕಾನಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ ಪ್ರಮುಖರು. 1990ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಬಲು ಸರಳ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಂದು ತರಗತಿಯ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ‘ಎಷ್ಟಕ್ಕೆ ಮಾರುವಿರಿ?’ ಎಂದರು. ಉಳಿದವರಿಗೆ ‘ಎಷ್ಟಕ್ಕೆ ಕೊಳ್ಳುವಿರಿ?’ ಎಂದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರ ಬೆಲೆಗಿಂತ ಸುಮಾರು ಎರಡು ಪಟ್ಟು! ಮಗ್ ಅವರ ಕೈಸೇರಿ ಹೆಚ್ಚು ಹೊತ್ತೇನೂ ಆಗಿರಲಿಲ್ಲ. ‘ನನ್ನದು’ ಎನಿಸಿದೊಡನೆ ಬೆಲೆ ಏರಿತ್ತು. ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ರೂಪಾಯಿ ಕಳೆದ ಸಂಕಟವೇ ಮನಸ್ಸಿಗೆ ದೊಡ್ಡದು.

ಒರಳುಕಲ್ಲಿನಿಂದ ಯಾರಿಗೂ ಕೇಡಿಲ್ಲ. ಆದರೆ ಇದೇ ಮೋಹ ಓದಿನ ವಿಷಯಕ್ಕೆ ತಗುಲಿಕೊಂಡರೆ ಕಷ್ಟ. ಪಿಯುಸಿಯಲ್ಲಿ ವಿಜ್ಞಾನ ಹಿಡಿದ ಮಗ, ತನಗೆ ಇದು ಒಗ್ಗುವುದಿಲ್ಲ, ಕಾಮರ್ಸ್ ಓದುತ್ತೇನೆ ಎನ್ನುತ್ತಾನೆ. ‘ಇಷ್ಟು ದುಡ್ಡು ಸುರಿದಾಯಿತಲ್ಲ, ಒಂದು ವರ್ಷ ವ್ಯರ್ಥವಾಗುತ್ತದಲ್ಲ’ ಎಂಬುದು ಮನೆಯವರ ಮಾತು. ಕಟ್ಟಿದ ಶುಲ್ಕ ಅವನು ಮುಂದುವರಿದರೂ ಮರಳಿ ಬಾರದು, ಬಿಟ್ಟರೂ ಬಾರದು. ಲೆಕ್ಕಕ್ಕೆ ಬರಬೇಕಾದದ್ದು ಮುಂದಿನ ವರ್ಷಗಳು ಮಾತ್ರ.

ಹಾಗೆಂದು ಕಷ್ಟ ಬಂದೊಡನೆ ಎಲ್ಲವನ್ನೂ ಬಿಡಬೇಕೆ? ಅರೆಕೆರೆಗೆ ತೀರ ದೂರವಲ್ಲದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬಾಳಿದ ಡಾ. ಎಚ್. ನರಸಿಂಹಯ್ಯನವರನ್ನು (1920–2005) ನೆನೆಯಬಹುದು. ಗೌರಿಬಿದನೂರು ಬಳಿಯ ಹೊಸೂರಿನಿಂದ ಓದಲೆಂದೇ ಬೆಂಗಳೂರಿಗೆ ನಡೆದು ಬಂದ ಬಡ ಹುಡುಗ, 1942ರ ಚಳವಳಿಗಾಗಿ ಆ ಓದನ್ನೇ ಬಿಟ್ಟು ಸೆರೆಮನೆ ಸೇರಿದರು. ಬಿಟ್ಟ ಓದನ್ನು ಮತ್ತೆ ಹಿಡಿದು 1946ರಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಮೇಲೂ ಮರಳಿದ್ದು ಅದೇ ಕಾಲೇಜಿಗೆ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪದವಿ ಬಂತು, ಹೋಯಿತು. ಖಾದಿಯನ್ನಾಗಲಿ, ಹಾಸ್ಟೆಲಿನ ಸಣ್ಣ ಕೋಣೆಯನ್ನಾಗಲಿ, ಪ್ರಶ್ನೆ ಕೇಳುವ ಸ್ವಭಾವವನ್ನಾಗಲಿ ಅವರು ಬಿಡಲಿಲ್ಲ.

ಅವರದೂ ಬಿಡದ ಹಿಡಿತವೇ. ಆದರೆ ಅದು ಕಳೆದುಕೊಳ್ಳುವ ಅಂಜಿಕೆಯಿಂದ ಬಂದದ್ದಲ್ಲ. ಬೇರೆ ದಾರಿ ತೆರೆದಿದ್ದಾಗಲೂ ಮತ್ತೆ ಮತ್ತೆ ಆರಿಸಿಕೊಂಡದ್ದು. ಇವೆರಡನ್ನೂ ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ‘ಇದು ಇಂದು ನನ್ನ ಬಳಿ ಇಲ್ಲದಿದ್ದರೆ, ಹೊಸದಾಗಿ ಇದನ್ನು ಬಯಸುತ್ತಿದ್ದೆನೆ?’

ತಂದೆ, ತಾಯಿ, ಮಕ್ಕಳು ಒಟ್ಟಿಗೆ ಕುಳಿತು ಈ ಪ್ರಶ್ನೆ ಕೇಳಿಕೊಳ್ಳಲಿ. ಉತ್ತರ ‘ಇಲ್ಲ’ ಎಂದಾದರೆ ಕೈಬಿಡಲು ಅಂಜಬೇಕಿಲ್ಲ. ‘ಹೌದು’ ಎಂದಾದರೆ, ಅದು ಓದೇ ಇರಲಿ, ಅಜ್ಜಿಯ ಕೈ ಆಡಿದ ಒರಳುಕಲ್ಲೇ ಇರಲಿ, ಟೆಂಪೊದಲ್ಲಿ ಅದಕ್ಕೊಂದು ಜಾಗ ಮಾಡಿಕೊಡಬೇಕು.