ಒಂದು ಕಾರ್ಡಿನ ದಪ್ಪ, ಎರಡರಷ್ಟು ಒತ್ತಡ

ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಪಿಸ್ತೂಲಿನ ತೋಟಾದಲ್ಲಿ ಗುಂಡು ಇಷ್ಟೇ ಇಷ್ಟು ಒಳಗೆ ಸರಿದರೆ ಏನಾದೀತು? ಅಮೆರಿಕದ ಸ್ಪಿಯರ್ ಕಂಪನಿ 9 ಎಂಎಂ ತೋಟಾಗಳಲ್ಲಿ ಬೇಕೆಂದೇ ಗುಂಡನ್ನು ಒಳಗೆ ಒತ್ತಿ ನೋಡಿ, ಫಲಿತಾಂಶವನ್ನು ತನ್ನ ಕೈಪಿಡಿಯಲ್ಲಿ ದಾಖಲಿಸಿತು. ಮದ್ದು ಅಷ್ಟೇ, ಗುಂಡೂ ಅದೇ. ಒತ್ತಡ ಮಾತ್ರ 28,000ದಿಂದ 62,000ಕ್ಕೆ ನೆಗೆದಿತ್ತು. ತಾಮ್ರದ ಪುಟ್ಟ ತುಂಡೊಂದು ಎಷ್ಟು ಜಜ್ಜಿಹೋಯಿತು ಎಂದು ನೋಡಿ ಒತ್ತಡ ಅಳೆಯುವ ಹಳೆಯ ಮಾನವಿದು. ಆ ಮಾನದಲ್ಲಿ ಈ ತೋಟಾಕ್ಕಿರುವ ಮಿತಿ 33,000.

ಮಿತಿಯೊಳಗಿನ ಒತ್ತಡವೇನೂ ಕಡಿಮೆಯದಲ್ಲ. ಈಗಿನ ಉಪಕರಣಗಳ ಲೆಕ್ಕದಲ್ಲಿ ಅದು ಚದರ ಇಂಚಿಗೆ 35,000 ಪೌಂಡ್, ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 2,380 ಪಟ್ಟು. ಸಮುದ್ರದ ಅತ್ಯಂತ ಆಳದ ಜಾಗವಾದ ಮರಿಯಾನಾ ಕಂದಕದ ತಳದಲ್ಲಿ, ಹನ್ನೊಂದು ಕಿಲೋಮೀಟರ್ ನೀರಿನ ಕೆಳಗೆ, ಇರುವುದು ಇದರ ಅರ್ಧಕ್ಕಿಂತ ಕಡಿಮೆ! ಅಂಗೈಯಲ್ಲಿ ಹಿಡಿದ ಪಿಸ್ತೂಲು ತೋಟಾದ ಒತ್ತಡವನ್ನು ಪ್ರತಿ ಸಲವೂ ತಡೆದುಕೊಳ್ಳುತ್ತದೆ. ಒತ್ತಡ ತುದಿ ಮುಟ್ಟಲು ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಬೇಡ.

ಗುಂಡು ಕಾರ್ಡಿನ ದಪ್ಪದಷ್ಟು ಒಳಸರಿದಾಗ ತೋಟಾದೊಳಗೆ ಕಡಿಮೆಯಾಗುವ ಜಾಗ ಸುಮಾರು 0.05 ಮಿಲಿಲೀಟರ್. ಗುಂಡಿನ ಕೆಳಗೆ ಮದ್ದಿಗೆ ಉಳಿದಿರುವುದೇ ಅರ್ಧ ಮಿಲಿಲೀಟರಿಗಿಂತ ತುಸು ಹೆಚ್ಚು. ಹತ್ತನೇ ಒಂದು ಪಾಲೂ ಹೋಗಿಲ್ಲ, ಒತ್ತಡ ಎರಡು ಪಟ್ಟು ದಾಟಿತು ಹೇಗೆ? ಹೊಗೆರಹಿತ ಮದ್ದಿನ ಗುಣವೇ ಹಾಗೆ: ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಗುಂಡು ಮುಂದಕ್ಕೆ ಓಡಿ ಅನಿಲಕ್ಕೆ ಸಾಕಷ್ಟು ಜಾಗ ಮಾಡಿಕೊಡುವ ಮೊದಲೇ ಈ ಪೈಪೋಟಿ ಮುಗಿದಿರುತ್ತದೆ.

ರೈಫಲ್ಲಿನ ಕತೆ ಬಹುಮಟ್ಟಿಗೆ ತಲೆಕೆಳಗು. ಅಲ್ಲಿ ತೋಟಾ ದೊಡ್ಡದು, ಒಂದಿಷ್ಟು ಜಾಗ ಹೋದರೂ ಅಷ್ಟು ಬಾಧೆಯಿಲ್ಲ. ಆದರೆ ಗುಂಡು ತೀರಾ ಹೊರಚಾಚಿ ನಳಿಗೆಯ ಸುರುಳಿ ಗೀರುಗಳಿಗೆ ತಾಗಿ ಕೂತಿದ್ದರೆ, ಓಟ ಹಿಡಿಯುವ ಮೊದಲೇ ಅದಕ್ಕೆ ತಡೆ ಸಿಕ್ಕಿ ಒತ್ತಡ ಏರುತ್ತದೆ. ಹಾಗಾಗಿ ಪಿಸ್ತೂಲಿನಲ್ಲಿ ಕಲಿತ ಪಾಠವನ್ನು ರೈಫಲ್ಲಿಗೂ ಅನ್ವಯಿಸಿ ತೋಟಾ ತುಂಬುವ ಹವ್ಯಾಸಿಯ ಪಕ್ಕ ನಿಲ್ಲದಿರುವುದು ಲೇಸು.

ಮನೆಯಲ್ಲೇ ತೋಟಾ ತುಂಬಿಕೊಳ್ಳುವ ಅಮೆರಿಕದ ಹವ್ಯಾಸಿಗಳು ಪ್ರತಿ ತೋಟಾದ ಒಟ್ಟು ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯುವುದು ಇದಕ್ಕೇ. ಕಾರ್ಖಾನೆಯ ತೋಟಾ ತಂದವರಿಗೂ ವಿನಾಯಿತಿ ಇಲ್ಲ. ಒಂದೇ ತೋಟಾವನ್ನು ಪಿಸ್ತೂಲಿಗೆ ಮತ್ತೆ ಮತ್ತೆ ಏರಿಸಿ ಇಳಿಸುತ್ತಿದ್ದರೆ, ಪ್ರತಿ ಸಲವೂ ಗುಂಡಿನ ಮೂತಿ ಒಳಗಿನ ಇಳಿಜಾರಿಗೆ ಬಡಿದು ಕೂದಲೆಳೆಯಷ್ಟು ಹಿಂದೆ ಸರಿಯಬಹುದು. ಜೊತೆಯವುಗಳಿಗಿಂತ ಗಿಡ್ಡವಾಗಿ ಕಾಣುವ ತೋಟಾವನ್ನು ಹಾರಿಸಬೇಡಿ, ಪಕ್ಕಕ್ಕಿಡಿ.