ಹೊಸ ಜಾಗಕ್ಕೆ ಬಂದ ಹಾವು

ತಿರುಪ್ಪೂರು, ಅವಿನಾಶಿ, ಉಡುಮಲೈ ಕಡೆ ಹೊಲ-ತೋಟದ ನಡುವೆ ಬೆಳೆದ ಮಕ್ಕಳಿಗೆ ಕೇರೆ ಹಾವು ಹೊಸದಲ್ಲ. ಅಕ್ಕಪಕ್ಕದವರು ತಮಿಳಿನಲ್ಲಿ ‘ಸಾರೈಪ್ಪಾಂಬು’ ಅನ್ನೋದು ಇದನ್ನೇ. ಇದಕ್ಕೆ ವಿಷವಿಲ್ಲ, ಇಲಿ ಹಿಡಿದು ತಿನ್ನುತ್ತೆ. ಹಾಗಾದರೆ ಒಂದು ಮರಿಯನ್ನು ಡಬ್ಬಿಯಲ್ಲಿಟ್ಟು ಸಾಕಬಹುದಲ್ವಾ? ವಿದೇಶದ ಮಕ್ಕಳು ಹಾವನ್ನು ಕೈಗೆ ಸುತ್ತಿಕೊಂಡಿರುವ ವಿಡಿಯೊ ನೋಡಿದವರಿಗೆ ಈ ಆಸೆ ಬರುವುದು ಸಹಜ. ಆದರೆ ಬೇಡ. ಯಾಕೆ ಅಂತ ತಿಳಿಯಲು, ಹೊಸ ಜಾಗಕ್ಕೆ ಬಂದ ಹಾವಿಗೆ ಏನಾಗುತ್ತೆ ನೋಡೋಣ.

ವಿಡಿಯೊದಲ್ಲಿ ಕಾಣುವುದು ಹೆಚ್ಚಾಗಿ ಆಫ್ರಿಕಾದ ಬಾಲ್ ಪೈಥಾನ್ ಅಥವಾ ಅಮೆರಿಕದ ಕಾರ್ನ್ ಸ್ನೇಕ್. ಇವುಗಳಲ್ಲಿ ಬಹಳಷ್ಟು ಪೆಟ್ಟಿಗೆಯಲ್ಲೇ ಹುಟ್ಟಿದವು. ಆದರೂ ಹೊಸ ಮನೆಗೆ ಬಂದಾಗ ಹೆದರುತ್ತವೆ. ಬಲ್ಲವರು ಮೊದಲ ಒಂದು ವಾರ ಮುಟ್ಟುವುದೇ ಇಲ್ಲ. ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾದ, ಕತ್ತಲೆಯ ಗೂಡು ಕೊಡುತ್ತಾರೆ. ಹಾವು ನಮ್ಮ ಹಾಗೆ ಒಳಗಿನಿಂದ ಮೈ ಬೆಚ್ಚಗಿಟ್ಟುಕೊಳ್ಳಲಾರದು. ಅದಕ್ಕೇ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತಂಪು. ತಿಂದ ಮೇಲೆ ಎರಡು ದಿನ ಎತ್ತಬಾರದು, ಎತ್ತಿದರೆ ಕಕ್ಕಿಬಿಡಬಹುದು. ಜಾಗ ಬದಲಾದ ಬಾಲ್ ಪೈಥಾನ್ ವಾರಗಟ್ಟಲೆ ಉಪವಾಸ ಇರುವುದೂ ಉಂಟು.

ಆಮೇಲೆ ದಿನಕ್ಕೆ ಕೆಲವೇ ನಿಮಿಷ, ಪಕ್ಕದಿಂದ ಕೈ ಹಾಕಿ, ಮೈಯ ನಡುಭಾಗಕ್ಕೆ ಆಸರೆ ಕೊಟ್ಟು ಎತ್ತುತ್ತಾರೆ. ಮೇಲಿನಿಂದ ಕೈ ಇಳಿಸಬಾರದು, ಯಾಕಂದ್ರೆ ಹದ್ದು ಎರಗುವುದು ಮೇಲಿನಿಂದಲೇ. ಪೊರೆ ಬಿಡುವ ಮುಂಚೆ ಕಣ್ಣು ಹಾಲಿನಂತೆ ಮಬ್ಬಾಗಿರುತ್ತೆ, ಆಗಲೂ ಮುಟ್ಟಬಾರದು. ಹೀಗೆ ಕೆಲವು ವಾರ ಕಳೆದರೆ ಹಾವು ಬುಸುಗುಡುವುದು ಬಿಡುತ್ತೆ. ಇದು ನಾಯಿ ಬಾಲ ಅಲ್ಲಾಡಿಸುವಂಥ ಪ್ರೀತಿ ಅಂದುಕೊಳ್ಳಬೇಡಿ. ‘ಈ ಕೈ ನನ್ನನ್ನು ತಿನ್ನಲ್ಲ’ ಅನ್ನುವಷ್ಟೇ ಅದರ ಕಲಿಕೆ. ಬಸವನಹುಳುವನ್ನು ಮತ್ತೆ ಮತ್ತೆ ಮೆಲ್ಲಗೆ ಮುಟ್ಟಿದರೆ ಅದು ಚಿಪ್ಪಿನೊಳಗೆ ಸೇರುವುದನ್ನು ಬಿಡುತ್ತಲ್ಲ, ಅಂಥದ್ದೇ.

ಕಾಡಿನ ಹಾವಿಗೆ ಇಷ್ಟೂ ಆಗುವುದು ಕಷ್ಟ. ಹಿಡಿದು ತಂದ ಕೇರೆ ಗಾಜಿಗೆ ಮೂತಿ ತಿಕ್ಕಿ ಗಾಯ ಮಾಡಿಕೊಳ್ಳುತ್ತೆ, ಊಟ ಬಿಟ್ಟು ಸೊರಗುತ್ತೆ.

ನಮ್ಮ ರಾಜ್ಯದಲ್ಲೇ ಇದನ್ನು ಚೆನ್ನಾಗಿ ಬಲ್ಲವರಿದ್ದಾರೆ. ಮಾಮಲ್ಲಪುರದ ಹತ್ತಿರ ವಡನೆಮ್ಮೇಲಿಯಲ್ಲಿ, 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಇದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷ ತೆಗೆದು ಪ್ರತಿವಿಷದ ಔಷಧಿ ತಯಾರಿಕೆಗೆ ಕೊಡುತ್ತಾರೆ. ಹಿಡಿದ ಹಾವನ್ನು ಮಣ್ಣಿನ ಮಡಕೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಕತ್ತಲೆ, ತಂಪು, ಇಕ್ಕಟ್ಟು: ಬಿಲದ ಹಾಗೇ! ಪಳಗಿಸುವ ಗೋಜಿಗೆ ಅವರು ಹೋಗುವುದಿಲ್ಲ. ಕೆಲವು ವಾರ ಇಟ್ಟು, ಮತ್ತೆ ಅದನ್ನೇ ಹಿಡಿಯದಿರಲು ಹೊಟ್ಟೆಯ ಹುರುಪೆಗೆ ಗುರುತು ಮಾಡಿ, ವಾಪಸ್ ಬಿಡುತ್ತಾರೆ. ಈ ಜನಾಂಗದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಸಂಘ ಹಾವು ಹಿಡಿಯುವುದೂ ಸರ್ಕಾರದ ಅನುಮತಿ ಪಡೆದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇರೆ, ನಾಗರ, ಹೆಬ್ಬಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಂಡರೆ ಜೈಲು ಶಿಕ್ಷೆಯೂ ಆಗಬಹುದು. ಬಾಲ್ ಪೈಥಾನ್‌ನಂಥ ವಿದೇಶಿ ಹಾವನ್ನೂ ಸರ್ಕಾರದಲ್ಲಿ ನೋಂದಾಯಿಸಲೇಬೇಕು.

ಇನ್ನೊಂದು ಮಾತು. ‘ಇದು ವಿಷವಿಲ್ಲದ ಮರಿ’ ಅಂತ ನೀವು ಗುರುತಿಸುವುದು ಸುಲಭವಲ್ಲ. ವಿಷವಿಲ್ಲದ ತೋಳ ಹಾವಿಗೂ ಕಟ್ಟುಹಾವಿಗೂ ಮೈಮೇಲೆ ಬಿಳಿ ಪಟ್ಟೆ ಇರುತ್ತೆ, ದೊಡ್ಡವರೇ ಏಮಾರಿದ್ದಾರೆ. ಮನೆಗೆ ಹಾವು ಬಂದರೆ ದೂರ ನಿಂತು ದೊಡ್ಡವರನ್ನು ಕರೆಯಿರಿ; ತಮಿಳುನಾಡಿನಲ್ಲಿ ಅಗ್ನಿಶಾಮಕ ದಳದವರೇ ಬಂದು ಹಿಡಿಯುತ್ತಾರೆ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.